ಕೆಂಪು ದ್ರಾಕ್ಷಾರಸ, ಕೆಂಪು ಮಣ್ಣು

ಈ ತಲೆಬರಹವನ್ನು ಕಂಡೊಡನೆ ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆವು. ಮನೆಮಂದಿಯೆಲ್ಲ ಓದುವ ಮಾಸಿಕದಲ್ಲಿ ಮದ್ಯದ ಮಾತೇಕೆ ಎಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ ಸರಿ. ಹೊಸೂರು, ಕೃಷ್ಣಗಿರಿ, ದೇಂಕಣಿಕೋಟೆ, ಕೆಳಮಂಗಲ, ಬಾಗಲೂರುಗಳ ಕನ್ನಡ ಮನೆಗಳಿಗೆ ಈ ವಸ್ತುವಿನಿಂದ ಆಗಿರುವ ಹಾನಿ ಸಣ್ಣದಲ್ಲ. ಹಾಗಿದ್ದೂ ಬರೆಯಲು ಹೊರಟಿರುವುದಕ್ಕೆ ಕಾರಣವುಂಟು. ಕಳೆದ ಫೆಬ್ರವರಿಯಲ್ಲಿ ನಾವು ಕೈಗೊಂಡ ಒಂದು ಪುಟ್ಟ ಪ್ರವಾಸದಲ್ಲಿ, ರುಚಿ ನೋಡುವುದಕ್ಕೂ ಕುಡಿಯುವುದಕ್ಕೂ ಇರುವ ಅಂತರವನ್ನು ನಮಗೆ ತಿಳಿಸಿಕೊಟ್ಟವರು, ಜೀವಮಾನದಲ್ಲಿ ಒಂದು ಹನಿ ಮದ್ಯವನ್ನೂ ಮುಟ್ಟದ ನಮ್ಮ ಸೋದರತ್ತೆ. ಅವರ ಅಪ್ಪಣೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ಊರಿನ ಕಥೆ. ಮದರಾಸು ಪ್ರಾಂತದಲ್ಲಿ ಪಾನನಿರೋಧವು ಮೊತ್ತಮೊದಲು ಜಾರಿಗೆ ಬಂದುದು ಸೇಲಂ ಜಿಲ್ಲೆಯಲ್ಲಿ, 1937ರ ಅಕ್ಟೋಬರಿನಲ್ಲಿ. ಆಗ ಹೊಸೂರು ಆ ಜಿಲ್ಲೆಗೆ ಸೇರಿತ್ತು. ಕಾಯಿದೆಯನ್ನು ತಂದ ರಾಜಾಜಿಯವರು ಹುಟ್ಟಿದ್ದು ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ, 1878ರಲ್ಲಿ. ಮುಂದೆ 1965ರಲ್ಲಿ ನಾವು ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಕಾಯಿದೆಯೂ ಅಷ್ಟೇ ಚಂಚಲವಾಗಿತ್ತು. 1971ರಲ್ಲಿ ತಮಿಳುನಾಡು ಪಾನನಿರೋಧವನ್ನು ಸಡಿಲಿಸಿತು. 1974ರಲ್ಲಿ ಮತ್ತೆ ಬಿಗಿಗೊಳಿಸಿತು. ಆದರೆ ಗಡಿಯಾಚೆಯ ಕರ್ನಾಟಕದಲ್ಲಿ ಸಾರಾಯಿ ಅಂಗಡಿಗಳು ತೆರೆದೇ ಇದ್ದವು. ಅತ್ತೆಯವರ ಯಜಮಾನರು, ನಮ್ಮ ಮಾವನವರು, ಸಂಜೆಯಾದೊಡನೆ ಅತ್ತಿಬೆಲೆಯ ಕಡೆಗೆ ನಡೆದು ಹೋಗುತ್ತಿದ್ದುದನ್ನೂ ರಾತ್ರಿ ಯಾರಾದರೂ ಕೈಹಿಡಿದು ಕರೆತರುತ್ತಿದ್ದುದನ್ನೂ ನಾವು ಚಿಕ್ಕಂದಿನಲ್ಲಿ ಕಂಡಿದ್ದೇವೆ. ಎರಡೆಕರೆ ರಾಗಿಯ ಹೊಲ ಹೀಗೆ ಗಡಿ ದಾಟಿ ಹೋಯಿತು. ಕೊನೆಗೆ ಮಾವನವರೂ ಹೋದರು. ಅತ್ತೆ ಹಸು ಕಟ್ಟಿ, ಹಾಲು ಮಾರಿ, ಮೂವರು ಮಕ್ಕಳನ್ನು ದಡ ಸೇರಿಸಿದರು. “ಆ ಗಡಿ ನಮ್ಮ ಭಾಷೆಯನ್ನು ತಡೆಯಿತು, ಸಾರಾಯಿಯನ್ನು ತಡೆಯಲಿಲ್ಲ” ಎಂದು ಅವರು ಈಗಲೂ ಒಮ್ಮೊಮ್ಮೆ ಹೇಳುವುದುಂಟು.

ಎಂಬತ್ತು ದಾಟಿದ ಈ ಅತ್ತೆಗೆ ಒಂದು ಆಸೆಯಿತ್ತು. ಜನ್ಮವೆಲ್ಲ ಯಾವ ನದಿಯ ನೀರನ್ನು ಕಂಡರೋ ಆ ದಕ್ಷಿಣ ಪಿನಾಕಿನಿಯ ಹುಟ್ಟನ್ನು ನೋಡಬೇಕು, ನಂದಿಯ ಭೋಗನಂದೀಶ್ವರನಿಗೆ ಕೈಮುಗಿಯಬೇಕು. ಫ್ರಾನ್ಸಿನ ಟುಲೂಸ್ ನಗರದಲ್ಲಿ ಇಂಜಿನಿಯರಾಗಿರುವ ನಮ್ಮ ತಂಗಿಯ ಮಗ ರಜೆಗೆ ಬಂದಿದ್ದವನು, “ಅಲ್ಲೇ ಸಮೀಪದಲ್ಲಿ ದ್ರಾಕ್ಷಾರಸದ ತೋಟವೂ ಇದೆ, ದಕ್ಷಿಣ ಫ್ರಾನ್ಸಿನ ಬಳ್ಳಿ ನಮ್ಮ ಮಣ್ಣಿನಲ್ಲಿ ಹೇಗೆ ಬೆಳೆದಿದೆಯೆಂದು ನೋಡೋಣ” ಎಂದ. ಅತ್ತೆ ಬೇಡವೆಂದು ಹೇಳಬಹುದೆಂದು ನಾವು ಅಂಜಿದೆವು. “ಬಳ್ಳಿಯನ್ನು ನೋಡುವುದರಲ್ಲಿ ತಪ್ಪೇನು?” ಎಂದು ಅವರು ಸೀರೆಯ ಗಂಟು ಕಟ್ಟಿದರು.

ಹಿಂದಿನ ದಿನ ಬಂಧುಗಳ ಮನೆಯ ಶುಭಕಾರ್ಯವಿದ್ದುದರಿಂದ ನಮ್ಮ ಪ್ರಯಾಣ ಕೃಷ್ಣಗಿರಿಯಿಂದಲೇ ಮೊದಲಾಯಿತು. ಪಿನಾಕಿನಿಗೆ 1950ರ ದಶಕದಲ್ಲಿ ಕಟ್ಟಿದ ಅಣೆಕಟ್ಟೆಯ ಸುತ್ತಲ ಮಾವಿನ ತೋಪುಗಳೆಲ್ಲ ಹೂವಿನಿಂದ ಕಂದು ಬಣ್ಣಕ್ಕೆ ತಿರುಗಿದ್ದವು. ಈ ತೋಪುಗಳಲ್ಲಿ ಹೆಚ್ಚಾಗಿ ಕಾಣುವುದು ಗಿಳಿಮೂತಿಯ ತೋತಾಪುರಿ. ತಮಿಳುನಾಡಿನ ಮಾರುಕಟ್ಟೆಯಲ್ಲಿ ಅದಕ್ಕೆ ‘ಬೆಂಗಳೂರಾ’ ಎಂಬ ಹೆಸರೂ ಇದೆ. ಬೆಳೆಯುವುದು ಕೃಷ್ಣಗಿರಿಯ ಕೆಂಪು ಮಣ್ಣಿನಲ್ಲಿ, ಹೆಸರು ಬೆಂಗಳೂರಿನದು! ಇದನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ವಾಚಕರಲ್ಲಿ ವಿನಂತಿ. ಮುಂದೆ ಈ ಮಾತು ಮತ್ತೆ ಬರುತ್ತದೆ.

ಕೃಷ್ಣಗಿರಿಯಿಂದ ಹೊಸೂರಿಗೆ ಸುಮಾರು 50 ಕಿಲೋಮೀಟರು. ಶೂಲಗಿರಿಯ ಬಂಡೆಬೆಟ್ಟ ಹಿಂದೆ ಸರಿದಂತೆ ನೆಲ ಏರುತ್ತದೆ, ಗಾಳಿ ತಂಪಾಗುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಚಂದ್ರಚೂಡೇಶ್ವರನ ಬೆಟ್ಟಕ್ಕೆ ಕಾರಿನಿಂದಲೇ ಕೈಮುಗಿದು, ಅತ್ತಿಬೆಲೆಯಲ್ಲಿ ಗಡಿ ದಾಟಿದೆವು. ಅತ್ತೆ ಅಲ್ಲಿ ಕಿಟಕಿಯಿಂದ ಮುಖ ತಿರುಗಿಸಿಕೊಂಡರು. ಬೆಂಗಳೂರಿನ ಜನಸಂದಣಿಯನ್ನು ದಾಟಿ ಹೆಬ್ಬಾಳ, ಯಲಹಂಕಗಳ ಮೂಲಕ ದೊಡ್ಡಬಳ್ಳಾಪುರದ ಕಡೆಗೆ ಹೊರಳಿದಾಗ ನಂದಿಯ ಸಾಲು ಆಕಾಶದಲ್ಲಿ ನೀಲಿಯಾಗಿ ಎದ್ದಿತು. ಆ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ನಮ್ಮ ಪಿನಾಕಿನಿಯ ಜನನ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನಿಂದ ಅರ್ಕಾವತಿ ಹೊರಟು ಕಾವೇರಿಯನ್ನು ಸೇರುತ್ತದೆ. ನಮ್ಮದು ಮಾತ್ರ ಹೊಸೂರು, ಕೃಷ್ಣಗಿರಿಗಳನ್ನು ಹಾದು, ಪುದುಚೇರಿಯ ದಕ್ಷಿಣಕ್ಕೆ, ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ನಂದಿಯ ಭೋಗನಂದೀಶ್ವರನ ದರ್ಶನ ಮಾಡಿ, ಅತ್ತೆ ಒಂದು ಬಾಟಲಿಯಲ್ಲಿ ನೀರು ತುಂಬಿಸಿಕೊಂಡ ಬಳಿಕ ನಾವು ಗ್ರೋವರ್ ತೋಟಕ್ಕೆ ಹೋದೆವು. ಕನ್ವಲ್ ಗ್ರೋವರ್ ಎಂಬವರು ಫ್ರಾನ್ಸಿನ ಶಾಂಪೇನ್ ಪ್ರದೇಶದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ತಳಿಗಳನ್ನು ನೆಟ್ಟು ಪರೀಕ್ಷಿಸಿ, 1988ರಲ್ಲಿ ಇಲ್ಲಿ ದ್ರಾಕ್ಷಾರಸದ ಉದ್ಯಮವನ್ನು ಸ್ಥಾಪಿಸಿದರು. ಮುಂದೆ ಬೋರ್ಡೋ ಪ್ರದೇಶದ ಮಿಶೆಲ್ ರೋಲಾಂ ಅವರ ಸಲಹೆಯೂ ದೊರೆಯಿತು. 2012ರಲ್ಲಿ ಮಹಾರಾಷ್ಟ್ರದ ಇನ್ನೊಂದು ಸಂಸ್ಥೆಯೊಡನೆ ಸೇರಿ ಇದು ಗ್ರೋವರ್ ಜಂಪಾ ಎಂಬ ಹೆಸರನ್ನು ಪಡೆಯಿತು. ತೋಟದ ಎತ್ತರ ಸುಮಾರು 3,000 ಅಡಿ, ಅಂದರೆ ಹೆಚ್ಚುಕಡಿಮೆ ಹೊಸೂರಿನಷ್ಟೇ. ಮಣ್ಣೂ ಅದೇ ಕೆಂಪು. ಅತ್ತೆ ಒಂದು ಹಿಡಿ ಮಣ್ಣನ್ನು ತೆಗೆದು ಬೆರಳುಗಳ ನಡುವೆ ಉದುರಿಸಿ, “ನಮ್ಮ ಹೊಲದ್ದೇ” ಎಂದರು.

ಬಳ್ಳಿಗಳ ಸಾಲಿನಲ್ಲಿ ಕೊಯ್ಲು ನಡೆದಿತ್ತು. ನಮ್ಮಲ್ಲಿಯ ಮಾರುಕಟ್ಟೆಯ ದ್ರಾಕ್ಷಿಯಂತೆ ದಪ್ಪ ಹಣ್ಣಲ್ಲ. ಸಣ್ಣ ಕಾಯಿ, ಗಟ್ಟಿ ಸಿಪ್ಪೆ, ಒಳಗೆ ಬೀಜ. ಫ್ರಾನ್ಸಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ದೆಹೋಗುತ್ತದೆ; ವಸಂತದಲ್ಲಿ ಚಿಗುರಿ ಸೆಪ್ಟೆಂಬರಿನ ಹೊತ್ತಿಗೆ ಹಣ್ಣಾಗುತ್ತದೆ. ನಮ್ಮ ನೆಲದಲ್ಲಿ ಚಳಿಗಾಲವೇ ಇಲ್ಲದ ಕಾರಣ ಬಳ್ಳಿಗೆ ನಿದ್ದೆಯಿಲ್ಲ. ಆದುದರಿಂದ ವರ್ಷಕ್ಕೆ ಎರಡು ಬಾರಿ ಸವರಬೇಕು. ಬೇಸಿಗೆಯ ಸವರಿಕೆ ಕಡ್ಡಿಯನ್ನು ಬೆಳೆಸುವುದಕ್ಕೆ, ಮಳೆಗಾಲ ಕಳೆಯುವಾಗಿನ ಸವರಿಕೆ ಹಣ್ಣನ್ನು ಪಡೆಯುವುದಕ್ಕೆ. ಹಣ್ಣು ಮಾಗುವುದು ಫೆಬ್ರವರಿಯಿಂದ ಬೇಸಿಗೆಯ ಮೊದಲ ಭಾಗದವರೆಗಿನ ಒಣ ದಿನಗಳಲ್ಲಿ. ಹಗಲಿನ ಬಿಸಿಲು ಹಣ್ಣಿಗೆ ಸಿಹಿಯನ್ನು ತುಂಬಿದರೆ, ಎತ್ತರದ ತಂಪು ರಾತ್ರಿ ಅದರ ಹುಳಿಯನ್ನು ಕಾಪಾಡುತ್ತದೆ.

ದ್ರಾಕ್ಷಿ ಕಪ್ಪಾಗಿದ್ದರೂ ಒಳಗಿನ ರಸಕ್ಕೆ ಹೆಚ್ಚಾಗಿ ಬಣ್ಣವಿರುವುದಿಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ. ಕೆಂಪು ದ್ರಾಕ್ಷಾರಸಕ್ಕೆ ಹಣ್ಣನ್ನು ಹಿಚುಕಿ, ಸಿಪ್ಪೆ, ಬೀಜಗಳ ಸಮೇತ ಹುದುಗಲು ಬಿಡುತ್ತಾರೆ. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಸಿಪ್ಪೆ ಬಣ್ಣವನ್ನೂ, ಬೀಜದೊಡನೆ ಸೇರಿ ಒಗರನ್ನೂ ಬಿಟ್ಟುಕೊಡುತ್ತದೆ. ಉಕ್ಕಿನ ದೊಡ್ಡ ತೊಟ್ಟಿಗಳಲ್ಲಿ ಈ ಕೆಲಸ ಮುಗಿದ ಮೇಲೆ ಕೆಲವನ್ನು ಓಕ್ ಮರದ ಪೀಪಾಯಿಗಳಲ್ಲಿ ಇಟ್ಟು ಹದಗೊಳಿಸುತ್ತಾರೆ. ಪೀಪಾಯಿಗಳ ಕೊಠಡಿಯಲ್ಲಿ ಹಳೆಯ ಮನೆಯ ಅಟ್ಟದಂಥ ವಾಸನೆಯಿತ್ತು.

ಅನಂತರ ರುಚಿ ನೋಡುವ ಮೇಜು. ಇಲ್ಲಿ ತಂಗಿಯ ಮಗನೇ ನಮಗೆ ಉಪಾಧ್ಯಾಯನಾದ. ಮೊದಲು ಕಣ್ಣು: ಗಾಜಿನ ಬಟ್ಟಲನ್ನು ಬಿಳಿಯ ಬಟ್ಟೆಯ ಮುಂದೆ ವಾಲಿಸಿ ಹಿಡಿದು ಅಂಚಿನ ಬಣ್ಣವನ್ನು ನೋಡಬೇಕು. ಎಳೆಯದಾದರೆ ನೇರಳೆಯ ಛಾಯೆ, ಹಳತಾದರೆ ಇಟ್ಟಿಗೆಯ ಛಾಯೆ. ಎರಡನೆಯದು ಮೂಗು: ಬಟ್ಟಲನ್ನು ಮೆಲ್ಲಗೆ ಸುತ್ತಿಸಿದರೆ ಸುವಾಸನೆ ಮೇಲೇಳುತ್ತದೆ. ಮೂರನೆಯದು ನಾಲಗೆ: ಒಂದು ಗುಟುಕನ್ನು ಬಾಯೊಳಗೆ ಹೊರಳಿಸಿ, ಹುಳಿ ಎಷ್ಟು, ಒಗರು ಎಷ್ಟು, ಮೈಕಟ್ಟು ಹೇಗೆ, ಹೋದ ಮೇಲೆ ಉಳಿಯುವ ರುಚಿ ಎಷ್ಟು ಹೊತ್ತಿನದು ಎಂದು ಗಮನಿಸಬೇಕು. ನಾಲ್ಕನೆಯದನ್ನು ಆತ ಹೇಳಿದಾಗ ಅತ್ತೆ ಬೆರಗಾದರು. ತಜ್ಞರು ರುಚಿ ನೋಡಿದ ಮೇಲೆ ರಸವನ್ನು ನುಂಗುವುದಿಲ್ಲ. ಮೇಜಿನ ಮೇಲಿಟ್ಟ ಪಾತ್ರೆಗೆ ಉಗುಳುತ್ತಾರೆ.

“ಏನು, ಉಗುಳುತ್ತಾರೆಯೇ? ಇಷ್ಟೆಲ್ಲ ಬೆಲೆ ಕೊಟ್ಟು?”

“ಹೌದು ಅಜ್ಜಿ. ನುಂಗಿದರೆ ಮತ್ತು ಬರುತ್ತದೆ. ಮತ್ತು ಬಂದರೆ ರುಚಿ ತಿಳಿಯುವುದಿಲ್ಲ.”

ಅತ್ತೆ ಬಹಳ ಹೊತ್ತು ಆ ಪಾತ್ರೆಯನ್ನೇ ನೋಡುತ್ತಿದ್ದರು. ನಾವೂ ಅಂದು ತಜ್ಞರ ಮಾರ್ಗವನ್ನೇ ಹಿಡಿದೆವೆಂದು ವಾಚಕರು ನಂಬಬೇಕು.

ನಮ್ಮ ಮುಂದಿದ್ದುದು ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ಎಂಬ ಎರಡು ದ್ರಾಕ್ಷಿಗಳನ್ನು ಕೂಡಿಸಿ ಮಾಡಿದ ಕೆಂಪು ರಸ. ಮೊದಲನೆಯದು ಬೋರ್ಡೋ ಸೀಮೆಯದು. ಎರಡನೆಯದು ದಕ್ಷಿಣದ ರೋನ್ ನದಿಯ ಕಣಿವೆಯದು. ಅಲ್ಲಿ ಅದಕ್ಕೆ ಸೀರಾ ಎಂದು ಹೆಸರು. ಇರಾನಿನ ಶಿರಾಜ್ ಪಟ್ಟಣದಿಂದ ಇದು ಯೂರೋಪಿಗೆ ಹೋಯಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಮೊಂಪೆಲ್ಯೇ ನಗರದ ವಿಜ್ಞಾನಿಗಳು ಬಳ್ಳಿಯ ವಂಶವಾಹಿಗಳನ್ನು ಪರೀಕ್ಷಿಸಿ, ಇದರ ತಂದೆ ಆರ್ದೆಶ್ ಪ್ರದೇಶದ ದ್ಯುರೇಜಾ, ತಾಯಿ ಸವ್ವಾ ಪ್ರದೇಶದ ಬಿಳಿ ಮೊಂದ್ಯೂಸ್ ಎಂದು ತೋರಿಸಿದರು. ಆರ್ದೆಶ್ ಎಂಬ ಹೆಸರು ಕನ್ನಡಿಗರಿಗೆ ಪೂರ್ಣ ಅಪರಿಚಿತವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ನಮ್ಮವರ ಉಡುಗೆ ತೊಟ್ಟು, ಸಿಡುಬಿನ ಲಸಿಕೆಯನ್ನು ಪ್ರಚಾರ ಮಾಡಿ, ನಮ್ಮ ಜನರ ಆಚಾರಗಳ ಬಗ್ಗೆ ಹೆಸರಾಂತ ಗ್ರಂಥವನ್ನು ಬರೆದು, 1823ರಲ್ಲಿ ತಾಯ್ನಾಡಿಗೆ ಮರಳಿದ ಪಾದ್ರಿ ದ್ಯುಬುವಾ ಹುಟ್ಟಿದ್ದು ಅದೇ ಆರ್ದೆಶ್ ಸೀಮೆಯ ಸೇಂ-ರೆಮೆಜ್ ಎಂಬ ಹಳ್ಳಿಯಲ್ಲಿ.

ನಾವು ಬಟ್ಟಲನ್ನು ಸುತ್ತಿಸಿ ಮೂಸಿದೆವು. ಹಣ್ಣಿನ ವಾಸನೆ ಬಂತು. ಅದರ ಹಿಂದೆ ಇನ್ನೇನೋ ಇತ್ತು, ಹೆಸರು ಹೊಳೆಯಲಿಲ್ಲ. ಆಗ ಅತ್ತೆ, “ಇತ್ತ ಕೊಡಿ” ಎಂದು ಕೈಚಾಚಿದರು. ನಾವು ತಡವರಿಸಿದೆವು. ಅವರು ಬಟ್ಟಲನ್ನು ತುಟಿಯಿಂದ ದೂರವೇ ಹಿಡಿದು, ಕಣ್ಣುಮುಚ್ಚಿ, ಎರಡು ಬಾರಿ ಉಸಿರೆಳೆದುಕೊಂಡರು. “ನೇರಳೆ ಹಣ್ಣು,” ಎಂದರು. ಕ್ಷಣ ಬಿಟ್ಟು, “ಕುಟ್ಟಿದ ಕಾಳುಮೆಣಸು” ಎಂದರು.

ತಂಗಿಯ ಮಗ ಬಾಯಿ ತೆರೆದು ನಿಂತ. ಸೀರಾ ದ್ರಾಕ್ಷಿಯ ಗುರುತೇ ಆ ಕಾಳುಮೆಣಸಿನ ವಾಸನೆಯಂತೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಆ ವಾಸನೆಗೆ ಕಾರಣವಾದ ವಸ್ತುವನ್ನು ಕಂಡುಹಿಡಿದರು. ಅದರ ಹೆಸರು ರೋಟಂಡೋನ್. ಅದು ದ್ರಾಕ್ಷಿಯ ಸಿಪ್ಪೆಯಲ್ಲಿದೆ. ನಮ್ಮ ಕಾಳುಮೆಣಸಿನಲ್ಲಿಯೂ ಅದೇ ಇದೆ. ಹೋಲಿಕೆಯೆಂಬುದು ಬರಿಯ ಕವಿಕಲ್ಪನೆಯಲ್ಲ, ವಸ್ತುವೇ ಒಂದು. ಯಾವ ಪಾಠವೂ ಇಲ್ಲದೆ ಅತ್ತೆ ಅದನ್ನು ಹಿಡಿದರು. ಅರುವತ್ತು ವರ್ಷ ಸಾರು ಕುದಿಸಿದ ಮೂಗು ಅದು. ಆಮೇಲೆ ನಮಗೂ ಧೈರ್ಯ ಬಂತು. ಒಣಗಿದಂತೆ ನಾಲಗೆಯನ್ನು ಹಿಡಿಯುವ ಗುಣಕ್ಕೆ ಪರದೇಶದ ಪದವೇಕೆ? ಎಳೆ ಅಡಿಕೆ, ಬಾಳೆಯ ಹೂವು, ಮಾಗದ ನೇರಳೆಗಳನ್ನು ತಿಂದ ನಾವು ಅದನ್ನು ಒಗರೆಂದು ಬಲ್ಲೆವು. ಹುಣಸೆಯ ಹುಳಿ ಬೇರೆ, ಮಾವಿನಕಾಯಿಯ ಹುಳಿ ಬೇರೆ, ನೆಲ್ಲಿಯ ಹುಳಿ ಬೇರೆ ಎಂದು ತಿಳಿದ ನಾಲಗೆಗೆ ದ್ರಾಕ್ಷಾರಸದ ಹುಳಿಯನ್ನು ಗುರುತಿಸುವುದು ಕಷ್ಟವೇ? ರಸಿಕತೆಯು ಶ್ರೀಮಂತರ ಸೊತ್ತೆಂದು ನಾವು ತಿಳಿದಿದ್ದೆವು. ಅದು ಅಡುಗೆಮನೆಯಲ್ಲೇ ಇತ್ತು.

ಆ ರಾತ್ರಿ ಯಲಹಂಕದಲ್ಲಿ ತಂಗಿಯ ಮನೆಯಲ್ಲಿ ಉಳಿದೆವು. ಹೋಲಿಸಿ ನೋಡಲೆಂದು ಮಗ ತಾನು ತಂದಿದ್ದ ಒಂದು ಸೀಸೆಯನ್ನು ತೆರೆದ. ಅದು ದಕ್ಷಿಣ ಫ್ರಾನ್ಸಿನ ಲಾಂಗ್ದೋಕ್ ಪ್ರದೇಶದ ಕೊರ್ಬಿಯೇರ್ ಎಂಬ ಗುಡ್ಡಗಾಡಿನದು. ಚೀಟಿಯ ಮೇಲೆ ದ್ರಾಕ್ಷಿಯ ಹೆಸರನ್ನು ದೊಡ್ಡದಾಗಿ ಬರೆದಿರಲಿಲ್ಲ. ದೊಡ್ಡದಾಗಿ ಬರೆದಿದ್ದುದು ನೆಲದ ಹೆಸರು. ಏಕೆಂದು ಕೇಳಿದಾಗ ಅವನು ಹೇಳಿದ ಕಥೆಯನ್ನು ಸಂಕ್ಷೇಪವಾಗಿ ಇಲ್ಲಿ ಕೊಡುತ್ತೇವೆ.

ಮೆಡಿಟರೇನಿಯನ್ ಸಮುದ್ರದ ದಂಡೆಯ ಆ ನಾಡು ಬಿಸಿಲಿನ, ಗಾಳಿಯ, ಕಲ್ಲಿನ ನಾಡು. 14ನೆಯ ಶತಮಾನದಲ್ಲಿ ಪೋಪರು ರೋಮನ್ನು ಬಿಟ್ಟು ಆವಿನ್ಯೋಂ ಪಟ್ಟಣದಲ್ಲಿ ನೆಲೆಸಿದ್ದರು. ಅವರ ಬೇಸಿಗೆಯ ಅರಮನೆಯ ಹೆಸರಿನ ಶಾತೋನಫ್-ದ್ಯು-ಪಾಪ್ ತೋಟಗಳಲ್ಲಿ ಕೆಲವೆಡೆ ಮಣ್ಣೇ ಕಾಣದಷ್ಟು ಉರುಟು ಕಲ್ಲುಗಳು. ಹಗಲಿನ ಬಿಸಿಯನ್ನು ಅವು ರಾತ್ರಿಯಲ್ಲಿ ಬಳ್ಳಿಗೆ ಮರಳಿ ಕೊಡುತ್ತವೆ. ಅಲ್ಲಿಯ ಮುಖ್ಯ ತಳಿ ಗ್ರೆನಾಶ್. ಜೊತೆಗೆ ಸೀರಾ, ಮೂರ್ವೇದ್ರ್. ಕೊರ್ಬಿಯೇರಿನಲ್ಲಿ ಕಾರಿನ್ಯಾನ್ ಕೂಡ ಉಂಟು. ಇಂಥ ನಾಡಿಗೆ 1860ರ ದಶಕದಲ್ಲಿ ಒಂದು ಮಾರಿ ಬಡಿಯಿತು. ಬಳ್ಳಿಗಳು ಒಂದೊಂದಾಗಿ ಒಣಗತೊಡಗಿದವು. 1868ರಲ್ಲಿ ಮೊಂಪೆಲ್ಯೇ ನಗರದ ಸಸ್ಯವಿಜ್ಞಾನಿ ಪ್ಲಾಂಶೋಂ ಮತ್ತು ಸಂಗಡಿಗರು ಬೇರುಗಳನ್ನು ಅಗೆದು ನೋಡಿ, ಅಮೆರಿಕದಿಂದ ಬಂದ ಫಿಲಾಕ್ಸರಾ ಎಂಬ ಬಹು ಸಣ್ಣ ಹೇನನ್ನು ಹಿಡಿದರು. ಉಪಾಯವೂ ಅಮೆರಿಕದಿಂದಲೇ ಬಂತು. ಆ ಹೇನಿಗೆ ಬಗ್ಗದ ಅಮೆರಿಕದ ಬೇರಿನ ಮೇಲೆ ತಮ್ಮ ಬಳ್ಳಿಯನ್ನು ಕಸಿಕಟ್ಟಿದರು. ನಮ್ಮ ದಖ್ಖನಿನ ಅನೇಕ ದ್ರಾಕ್ಷಿತೋಟಗಳಲ್ಲಿಯೂ ಇಂದು ‘ಡಾಗ್‌ರಿಡ್ಜ್’ ಎಂಬ ಅಮೆರಿಕದ ಬೇರಿನ ಮೇಲೆಯೇ ಕಸಿ ಮಾಡುತ್ತಾರೆ.

ಬಳ್ಳಿ ಉಳಿಯಿತು, ಬೆಲೆ ಉಳಿಯಲಿಲ್ಲ. ಸಕ್ಕರೆ ನೀರು ಬೆರೆಸಿದ ನಕಲಿ ರಸವೂ ಮಾರುಕಟ್ಟೆಗೆ ಬಂದು ನಿಜವಾದ ರೈತ ಬೀದಿಗೆ ಬಿದ್ದ. 1907ರ ಜೂನ್ 9ರಂದು ಮೊಂಪೆಲ್ಯೇ ನಗರದಲ್ಲಿ ಲಕ್ಷಾಂತರ ಜನ ಸೇರಿದರು. ನಾರ್ಬೋನಿನಲ್ಲಿ ಸೈನಿಕರು ಗುಂಡು ಹಾರಿಸಿದರು, ಜನ ಸತ್ತರು. ಬೇಜಿಯೇ ಪಟ್ಟಣದಲ್ಲಿ ಅದೇ ಸೀಮೆಯ ಮಕ್ಕಳಾದ ಸೈನಿಕರು ರೈತರ ಪಕ್ಷ ಸೇರಿದರು. ಅದೇ ತಿಂಗಳ ಕೊನೆಗೆ ನಕಲಿಯ ವಿರುದ್ಧ ಕಾನೂನು ಬಂತು. ಮುಂದೆ ಶಾತೋನಫಿನ ರೈತರು ತಮ್ಮ ಊರಿನ ಹೆಸರನ್ನು ಯಾರು, ಯಾವ ನೆಲದ, ಯಾವ ದ್ರಾಕ್ಷಿಗೆ ಬಳಸಬಹುದೆಂದು ತಾವೇ ನಿಯಮ ಮಾಡಿಕೊಂಡರು. 1936ರಲ್ಲಿ ರಾಷ್ಟ್ರದ ಕಾನೂನು ಅದನ್ನು ಮನ್ನಿಸಿತು. ಕೊರ್ಬಿಯೇರಿಗೆ ಆ ಮನ್ನಣೆ 1985ರಲ್ಲಿ ಬಂತು. ಚೀಟಿಯ ಮೇಲಿನ ಆ ಊರಿನ ಹೆಸರು ಅಲಂಕಾರವಲ್ಲ. ಜಗಳವಾಡಿ ಪಡೆದ ಹಕ್ಕು.

ರಸವನ್ನು ಬಟ್ಟಲಿಗೆ ಎರೆದಾಗ ನಂದಿಯ ರಸಕ್ಕಿಂತ ಇದು ಒಣಗಲು, ಒರಟು ಎನಿಸಿತು. ಒಗರು ಹೆಚ್ಚು, ಹಣ್ಣಿಗಿಂತ ಗುಡ್ಡದ ವಾಸನೆ ಮುಂದು. ಅತ್ತೆ ಈ ಸಲ ಕೇಳದೆಯೇ ಬಟ್ಟಲನ್ನು ತೆಗೆದುಕೊಂಡು ಮೂಸಿದರು. “ಸಂಜೆ ಗುಡ್ಡದಿಂದ ಆಡು ಹೊಡೆದುಕೊಂಡು ಬರುವಾಗ ಕಾಲಡಿಯಲ್ಲಿ ಗಿಡ ನಲುಗುತ್ತದಲ್ಲ, ಆ ವಾಸನೆ” ಎಂದರು. ಆ ಸೀಮೆಯ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಸುವಾಸನೆಯ ಕುರುಚಲು ಗಿಡಗಳೇ ಬೆಳೆಯುತ್ತವಂತೆ. ಅಲ್ಲಿಯ ರಸಿಕರೂ ಇದನ್ನೇ ಹೇಳುತ್ತಾರಂತೆ. ಯಾರೂ ಮಾತನಾಡಲಿಲ್ಲ. ಅತ್ತೆ ಬಟ್ಟಲನ್ನು ಕೆಳಗಿಟ್ಟು, ಸೆರಗಿನಿಂದ ಕೈಯೊರೆಸಿಕೊಂಡು ಹೇಳಿದರು: “ನಿಮ್ಮ ಮಾವ ಒಂದು ದಿನವಾದರೂ ಹೀಗೆ ಮೂಸಿ ನೋಡಿದ್ದರೆ ಆ ಎರಡೆಕರೆ ಉಳಿಯುತ್ತಿತ್ತು.”

ನಾವು ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ದ್ರಾಕ್ಷಾರಸವೂ ಮದ್ಯವೇ. ನೂರರಲ್ಲಿ ಹನ್ನೆರಡರಿಂದ ಹದಿನಾಲ್ಕು ಪಾಲು ಮದ್ಯಸಾರ ಅದರಲ್ಲಿರುತ್ತದೆ. ಹಣ್ಣಿನದೆಂಬ ಕಾರಣಕ್ಕೆ ಅದು ಪಾನಕವಾಗದು. ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಿದ್ದೂ 2007ರಲ್ಲಿ, ದ್ರಾಕ್ಷಾರಸಕ್ಕೆ ಪ್ರೋತ್ಸಾಹ ಕೊಡುವ ನೀತಿಯನ್ನು ತಂದದ್ದೂ 2007ರಲ್ಲಿ. ಒಂದು ಬಡವರ ಬಟ್ಟಲು, ಇನ್ನೊಂದು ಉಳ್ಳವರ ಬಟ್ಟಲು ಎಂದು ಯಾರಾದರೂ ಟೀಕಿಸಿದರೆ ನಮ್ಮಲ್ಲಿ ಉತ್ತರವಿಲ್ಲ. ಯಾರನ್ನೂ ಕುಡಿಯಿರಿ ಎಂದು ನಾವು ಹುರಿದುಂಬಿಸುತ್ತಿಲ್ಲ. ಮತ್ತಿಗಾಗಿ ಕುಡಿಯುವವನಿಗೆ ಬಟ್ಟಲಿನಲ್ಲಿ ಏನಿದ್ದರೂ ಒಂದೇ; ಆ ಹಣ್ಣು ಯಾವ ನೆಲದ್ದೆಂದು ಅವನು ಕೇಳುವುದಿಲ್ಲ. ರುಚಿ ನೋಡುವವನಿಗೆ ಆ ಪ್ರಶ್ನೆಯೇ ಮುಖ್ಯ. ಅದಕ್ಕೆ ಒಂದು ಗುಟುಕು ಸಾಕು. ಅತ್ತೆಗಾದರೆ ಅದೂ ಬೇಕಾಗಲಿಲ್ಲ.

ಹಾಗಾದರೆ ನಮ್ಮ ನೆಲದ ಹಣ್ಣನ್ನು ನಾವು ಕೇಳಿದ್ದೇವೆಯೇ? ನಮ್ಮ ಹಿತ್ತಿಲ ಚಪ್ಪರದಲ್ಲಿ ಮಾವನವರು ಒಳ್ಳೆಯ ದಿನಗಳಲ್ಲಿ ನೆಟ್ಟ ಒಂದು ಬಳ್ಳಿಯಿದೆ. ನೀಲಿಗಪ್ಪು ಬಣ್ಣ, ಜಾರುವ ಸಿಪ್ಪೆ, ಬಾಯಿತುಂಬ ಪರಿಮಳ. ಅದರ ಹೆಸರು ಬೆಂಗಳೂರು ನೀಲಿ, ಅಂದರೆ ‘ಬೆಂಗಳೂರ್ ಬ್ಲೂ’. ಗಡಿಯಾಚೆಯ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಇದರ ದೊಡ್ಡ ತೋಟಗಳಿವೆ. ವರ್ಷಕ್ಕೆ ಎರಡು ಬೆಳೆ ಕೊಡುವ ಗಟ್ಟಿ ಬಳ್ಳಿ. ಭೌಗೋಳಿಕ ಸೂಚಿಯ ಮನ್ನಣೆಯೂ ಅದಕ್ಕೆ ದೊರೆತಿದೆ. ಇದು ಅಮೆರಿಕದ ಇಸಾಬೆಲ್ಲಾ ತಳಿಯ ಹತ್ತಿರದ ಬಂಧುವೆಂದು ತಜ್ಞರು ಎಣಿಸುತ್ತಾರೆ. ಇದರ ಪರಿಮಳವನ್ನು ಪಾಶ್ಚಾತ್ಯ ರಸಿಕರು ನರಿಯ ವಾಸನೆಯೆಂದು ಹಳಿದರು. ಇಸಾಬೆಲ್ಲಾ ಸೇರಿದಂತೆ ಆರು ತಳಿಗಳ ರಸವನ್ನು ಮಾರಕೂಡದೆಂದು ಫ್ರಾನ್ಸ್ 1934ರ ಡಿಸೆಂಬರಿನಲ್ಲಿ ಕಾನೂನು ಮಾಡಿತು. ಆದರೆ ದಕ್ಷಿಣದ ಸೆವೆನ್ ಬೆಟ್ಟಗಳ ಹಳ್ಳಿಗರು ಅದನ್ನು ತಮ್ಮ ಮನೆಯ ಚಪ್ಪರದಿಂದ ಕೀಳಲಿಲ್ಲ. ಕಾನೂನಿನ ಪುಸ್ತಕದಲ್ಲಿ ಸ್ಥಾನವಿಲ್ಲದ್ದು ಹಿತ್ತಿಲಿನಲ್ಲಿ ಬದುಕಿತು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಮದರಾಸಿನ ಪಾಲಿಗೆ ಉಳಿದ ನಮಗೆ, ಶಾಲೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಆಡಿ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡ ನಮಗೆ, ಈ ಸಂಗತಿಯನ್ನು ಬಿಡಿಸಿ ಹೇಳಬೇಕೆ?

ಕೃಷ್ಣಗಿರಿಯ ಮಾವಿಗೆ ಬೆಂಗಳೂರಿನ ಹೆಸರು, ಹೊಸೂರಿನ ಹಿತ್ತಿಲ ದ್ರಾಕ್ಷಿಗೂ ಬೆಂಗಳೂರಿನ ಹೆಸರು. ಬೆಂಗಳೂರಿನ ಮೇಲೆ ನಮಗೆ ಮತ್ಸರವಿಲ್ಲ, ಅದೂ ನಮ್ಮದೇ. ಆದರೆ ಹೆಸರಿಲ್ಲದ ನೆಲವನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಮಾವಿಗೆ ಬೆಲೆ ಬಿದ್ದ ವರ್ಷ ತೋಪಿನಲ್ಲೇ ಹಣ್ಣು ಕೊಳೆತರೂ ಅದು ಯಾರ ನೆಲದ ನಷ್ಟವೆಂದು ಹಣ್ಣಿನ ಹೆಸರು ಹೇಳುವುದಿಲ್ಲ. ಕೊರ್ಬಿಯೇರಿನ ರೈತ ಮೊದಲು ತನ್ನ ಗುಡ್ಡದ ರುಚಿಯನ್ನು ತಾನು ಗುರುತಿಸಿದ; ಆಮೇಲೆ ಅದಕ್ಕೆ ಹೆಸರು ಕೊಡಿಸಿದ. ನಮಗೂ ಅದೇ ಕ್ರಮ ತಪ್ಪದು. ಶೂಲಗಿರಿಯ ಕೊತ್ತಂಬರಿ, ರಾಯಕೋಟೆಯ ಟೊಮೆಟೊ, ದೇಂಕಣಿಕೋಟೆಯ ರಾಗಿ, ನಮ್ಮ ಹುಣಸೆ, ಇವುಗಳ ರುಚಿಯಲ್ಲಿ ನಮ್ಮ ಮಣ್ಣಿನದು ಯಾವುದೆಂದು ನಮ್ಮ ಮಕ್ಕಳಿಗೆ ಕಣ್ಣುಮುಚ್ಚಿ ಹೇಳಲು ಬರುವುದೇ? ಅತ್ತೆಯಂಥವರು ಇರುವಾಗಲೇ ಕೇಳಿ ಕಲಿಯಬೇಕು.

ಮರುದಿನ ಹಿಂದಿರುಗಿದೆವು. ಕೆಲವರಪಳ್ಳಿಯ ಅಣೆಕಟ್ಟೆಯನ್ನು ಅತ್ತೆಗೆ ತೋರಿಸೋಣವೆಂದು ಹೋದರೆ, ನೀರಿನ ಮೇಲೆ ಬಿಳಿಯ ನೊರೆ ಮಂಜಿನಂತೆ ತೇಲುತ್ತಿತ್ತು. ಮಹಾನಗರದ ಕೊಳಚೆಯನ್ನು ಹೊತ್ತು ಪಿನಾಕಿನಿ ನಮ್ಮಲ್ಲಿಗೆ ಬರುವುದು ಹಲವು ವರ್ಷಗಳಿಂದ ಎಲ್ಲರೂ ಬಲ್ಲ ಸಂಗತಿ. ಗಾಳಿಯಲ್ಲಿ ಸಾಬೂನಿನ ವಾಸನೆಯಿತ್ತು. ನಂದಿಯಲ್ಲಿ ಹುಟ್ಟಿದ ನದಿ ಹೊಸೂರನ್ನು ಮುಟ್ಟುವ ಹೊತ್ತಿಗೆ ಹೀಗಾಗಿರುವುದನ್ನು ಮೂಗೇ ಹೇಳಿತು. ಯಾವ ತಜ್ಞರೂ ಬೇಕಾಗಲಿಲ್ಲ. ಮಣ್ಣಿನ ರುಚಿಯ ಮಾತನಾಡುವವರು ನೀರಿನ ಮಾತನ್ನು ಬಿಡುವಂತಿಲ್ಲ.

ಅತ್ತೆ ತಂದಿದ್ದ ನಂದಿಯ ನೀರನ್ನು ನದಿಗೆ ಬಿಡುವರೆಂದು ನಾವು ಭಾವಿಸಿದ್ದೆವು. ಅವರು ಬಿಡಲಿಲ್ಲ. ಬಾಟಲಿಯನ್ನು ಮಡಿಲಲ್ಲೇ ಇಟ್ಟುಕೊಂಡು ಮನೆಗೆ ಬಂದರು. ಅರ್ಧವನ್ನು ದೇವರ ಮುಂದೆ ಇರಿಸಿದರು. ಉಳಿದ ಅರ್ಧವನ್ನು ಹಿತ್ತಿಲಿಗೆ ಒಯ್ದು, ಮಾವನವರು ನೆಟ್ಟ ಬಳ್ಳಿಯ ಬುಡಕ್ಕೆ ನಿಧಾನವಾಗಿ ಎರೆದರು. ಮುಂದಿನ ಕಾಯಿ ಹಣ್ಣಾದಾಗ ಒಂದು ಗೊಂಚಲನ್ನು ಈ ಮಾಸಿಕದ ಕಾರ್ಯಾಲಯಕ್ಕೂ ಕಳುಹಿಸಬೇಕೆಂದು ನಮಗೆ ಅಪ್ಪಣೆಯಾಗಿದೆ.